ಹಳೆಯ ಬೋಟಿನ ಮಾರಾಟ

ಕೊಳ್ಳುವವನಿಗೆ ಹಣ ಬೇಕು, ಮಾರುವವನಿಗೆ ಮಾತು ಬೇಕು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಸೊಪ್ಪು ಮಾರುವವಳಿಂದ ಹಿಡಿದು ಬಂಗಲೆ ಮಾರುವವನವರೆಗೆ ಯಾರಿಗೂ ತಮ್ಮ ಸರಕಿನ ಗುಣಗಳನ್ನು ಹೇಳಲು ಕಲಿಸಿಕೊಡಬೇಕಾಗಿಲ್ಲ. ಆದರೆ ಅದೇ ಸರಕಿನ ದೋಷವನ್ನು ಹೇಳಬೇಕೆ, ಬೇಡವೆ, ಹೇಳುವುದಾದರೆ ಎಷ್ಟು ಹೇಳಬೇಕು ಎಂಬ ಪ್ರಶ್ನೆ ಬಂದರೆ ಎಂಥ ಮಾತುಗಾರನಿಗೂ ಗಂಟಲು ಕಟ್ಟುತ್ತದೆ. ಮನೆಯಾಗಲಿ ಸ್ಕೂಟರಾಗಲಿ ಮಾರುವಾಗ ಈ ಪ್ರಶ್ನೆ ಬಂದು ಹೋಗುತ್ತದೆ. ಹಳೆಯ ಬೋಟನ್ನು ಮಾರುವಾಗ ಮಾತ್ರ ಅದು ಬಂದು ಹೋಗುವುದಿಲ್ಲ, ಬಂದು ಕುಳಿತುಬಿಡುತ್ತದೆ.

ಗೇಟ್‌ವೇಯ ಕಟ್ಟೆಯ ಬಳಿ ನಿಂತು ಕಡಲು ನೋಡಿದ ಮುಂಬಯಿಯ ವಾಚಕರಿಗೆ ಅಲ್ಲಿ ಲಂಗರು ಹಾಕಿ ತೂಗುತ್ತಿರುವ ಬೆಳ್ಳನೆಯ ವಿಹಾರದೋಣಿಗಳ ಪರಿಚಯವಿದ್ದೇ ಇದೆ. ರವಿವಾರ ಗೆಳೆಯರೊಡನೆ ಅಲಿಬಾಗದ ಕಡೆಗೆ ಹೋಗಿ, ಮನಸ್ಸು ಬಂದರೆ ನಾಲ್ಕು ಗಾಳ ಇಳಿಬಿಟ್ಟು, ಸಂಜೆಗೆ ಮರಳುವ ಶ್ರೀಮಂತರ ದೋಣಿಗಳು ಅವು. ಇಂಥ ದೋಣಿಗಳ ಒಡೆಯರ ನಡುವೆ ಅಮೆರಿಕೆಯಲ್ಲಿ ಒಂದು ಗಾದೆಯುಂಟು: ದೋಣಿಯ ಒಡೆಯನಿಗೆ ಬಾಳಿನಲ್ಲಿ ಎರಡೇ ಸುಖದ ದಿನಗಳಂತೆ, ಕೊಂಡ ದಿನ ಒಂದು, ಮಾರಿದ ದಿನ ಇನ್ನೊಂದು. ವಿನೋದಕ್ಕೆಂದು ದೋಣಿ ಇಟ್ಟವರಿಗೆ ಈ ಮಾತು ಒಪ್ಪಬಹುದು. ಹೊಟ್ಟೆಗೆಂದು ಬೋಟು ಇಟ್ಟವರ ಮನೆಯಲ್ಲಿ ಹುಟ್ಟಿದ ನನಗೆ ಇದು ಅರ್ಧ ಮಾತ್ರ ಅರ್ಥವಾಗುತ್ತದೆ. ಕೊಂಡ ದಿನದ ಸುಖವನ್ನು ನಾನು ಕಂಡಿದ್ದೇನೆ. ಮಾರಿದ ದಿನದ್ದನ್ನು ಕಂಡಿಲ್ಲ.

ನಮ್ಮದು ಮಲ್ಪೆ. ರಾತ್ರಿಶಾಲೆಯಲ್ಲಿ ಓದಿ, ಮುಂಬಯಿಯ ಒಂದು ವಕೀಲರ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾದವನು ನಾನು. ಅಣ್ಣ ಊರಿನಲ್ಲೇ ಉಳಿದು, ತಂದೆಯ ಕಸುಬನ್ನು ಹಿಡಿದು, 2006ರಲ್ಲಿ ಒಂದು ಮರದ ಟ್ರಾಲ್ ಬೋಟು ಕಟ್ಟಿಸಿದರು. ದಡದ ಸಮೀಪದಲ್ಲಿ ಬಲೆ ಎಳೆದು ಸಂಜೆಗೆ ಮರಳುವ ಬೋಟಲ್ಲ ಅದು. ಐಸು, ಡೀಸೆಲು, ಸಿಹಿನೀರು, ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ತಾಂಡೇಲನೂ ಕಲಾಸಿಗಳೂ ಸೇರಿ ಏಳೆಂಟು ಮಂದಿ ಹೊರಟರೆ, ಮರಳಿ ದಕ್ಕೆಗೆ ಬರುವಾಗ ಹತ್ತು ದಿನ ಕಳೆದಿರುತ್ತದೆ. ಅಷ್ಟು ದಿನವೂ ಅವರಿಗೆ ಅಡಿಗೆಮನೆ ಅದೇ, ಮಲಗುವ ಮನೆ ಅದೇ, ಕಾಲಿನ ಕೆಳಗಿನ ನೆಲವೂ ಅದೇ. ನೆಲವೆಂದರೆ ಎರಡು ಅಂಗುಲದ ಹಲಗೆ, ಅದರಾಚೆ ಸಮುದ್ರ.

2022ರ ದೀಪಾವಳಿ ಕಳೆದು ಕೆಲವು ದಿನಗಳಿಗೆ ಅಣ್ಣ ತೀರಿಕೊಂಡರು. ಮಕ್ಕಳಿಬ್ಬರಲ್ಲಿ ಹಿರಿಯವನು ಬಹರೈನಿನಲ್ಲಿ, ಕಿರಿಯವನು ಪುಣೆಯಲ್ಲಿ. ಇಬ್ಬರಿಗೂ ಕಡಲಿಗಿಳಿಯುವ ಮನಸ್ಸಿಲ್ಲ; ಆ ಮನಸ್ಸು ಬಾರದಿರಲೆಂದೇ ಅಣ್ಣ ಅವರನ್ನು ಓದಿಸಿದ್ದರು. ಬೋಟಿಗೆ ಹೊಸ ಇಂಜಿನು ಹಾಕಿಸಲು, ಬಲೆ ಮಾಡಿಸಲು ಬ್ಯಾಂಕಿನಿಂದ ತೆಗೆದ ಸಾಲದಲ್ಲಿ 26 ಲಕ್ಷ ರೂಪಾಯಿ ಬಾಕಿ ನಿಂತಿತ್ತು. ಒಂದು ಋತುವಿನ ಮಟ್ಟಿಗೆ ತಾಂಡೇಲನೊಬ್ಬನ ಕೈಗೆ ಬೋಟನ್ನು ಕೊಟ್ಟು ನೋಡಿದ ಅತ್ತಿಗೆ, 2023ರ ಮಳೆಗಾಲಕ್ಕೆ ಅದನ್ನು ಮಾರುವುದೆಂದು ನಿಶ್ಚಯಿಸಿ ನನ್ನನ್ನು ಕರೆಸಿಕೊಂಡರು. ಕಾಗದಪತ್ರ ನೋಡಲು ಮನೆಯವನೊಬ್ಬ ಬೇಕೆಂಬುದು ಅವರ ಇಚ್ಛೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಕಡಲೂ ಮುನಿದಿರುವ ಕಾಲ. ಬಂದರಿನ ಹೊಳೆಯಲ್ಲಿ ಬೋಟುಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿರುತ್ತವೆ. ಮರಗೆಲಸ, ಬಣ್ಣ, ಬಲೆ ಹೆಣೆಯುವುದು ಎಲ್ಲಕ್ಕೂ ಅದೇ ಸಮಯ. ಕೊಳ್ಳುವ ಮಾರುವ ಮಾತಿಗೂ ಆಗಲೇ ಬಿಡುವು.

ಹಳೆಯ ಬೋಟಿಗೆ ಬೆಲೆ ಕಟ್ಟುವುದು ಹೇಗೆಂದು ಆ ಎರಡು ತಿಂಗಳಲ್ಲಿ ನಾನು ಹತ್ತಿರದಿಂದ ನೋಡಿದೆ. ಸಂಸಾರಸ್ಥರಾದ ವಾಚಕರಿಗೆ ಬೋಟು ಕೊಳ್ಳುವ ಪ್ರಸಂಗ ಬಾರದಿದ್ದರೂ ಕೇಳಿಟ್ಟುಕೊಳ್ಳುವುದರಿಂದ ನಷ್ಟವೇನೂ ಇಲ್ಲ. ನೋಡಬೇಕಾದವು ನಾಲ್ಕು: ಒಡಲು, ಇಂಜಿನು, ಸಲಕರಣೆ, ಕಾಗದ.

ಒಡಲನ್ನು ನೀರಿನಲ್ಲಿಟ್ಟು ನೋಡಿದರೆ ಪ್ರಯೋಜನವಿಲ್ಲ. ದಡಕ್ಕೆ ಎಳೆದು ಹೊಟ್ಟೆಯ ಕೆಳಗೆ ನುಸುಳಿ ನೋಡಬೇಕು. ಬೋಟು ಕಟ್ಟುವ ಆಚಾರ್ರು ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಹಲಗೆ ಹಲಗೆಗೂ ಬಡಿಯುತ್ತ ಹೋಗುತ್ತಾರೆ, ವೈದ್ಯರು ಎದೆ ತಟ್ಟಿ ನೋಡುವಂತೆ. ಗಟ್ಟಿ ಮರ ಗಟ್ಟಿಯಾಗಿ ಉತ್ತರ ಕೊಡುತ್ತದೆ. ಒಳಗೆ ಕೆಟ್ಟ ಮರ ಬೊದ್ದೆನ್ನುತ್ತದೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಒಂದು ಹುಳುವಿದೆ. ಹುಳುವೆಂದು ಕರೆದರೂ ಪ್ರಾಣಿಶಾಸ್ತ್ರದ ಪ್ರಕಾರ ಅದು ನಾವು ಪುಂಡಿಯೊಡನೆ ತಿನ್ನುವ ಮರುವಾಯಿಯ ದಾಯಾದಿ. ಟೆರೆಡೊ ಎಂದು ಅದರ ಶಾಸ್ತ್ರೀಯ ನಾಮ. ಮರಿಯಾಗಿದ್ದಾಗ ಗುಂಡುಸೂಜಿಯ ಮೊನೆಯಷ್ಟು ತೂತು ಮಾಡಿ ಒಳಹೊಕ್ಕು, ಬೆಳೆದಂತೆಲ್ಲ ಒಳಗೆ ಸುರಂಗ ಕೊರೆದು, ಅದಕ್ಕೆ ಸುಣ್ಣದ ಗಿಲಾವು ಮಾಡಿಕೊಂಡು ಸುಖವಾಗಿರುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಮದುಮಗನಂತಿರುತ್ತದೆ. ಒಳಗೆ ಜೇನುಹಟ್ಟಿಯಂತೆ ಟೊಳ್ಳು.

ಇಂಜಿನನ್ನು ತಣ್ಣಗಿರುವಾಗಲೇ ಸ್ಟಾರ್ಟು ಮಾಡಿಸಿ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟ ಇಂಜಿನು ನೆಂಟರೆದುರಿನ ಮಗುವಿನಂತೆ; ತಕರಾರು ತೋರಿಸುವುದಿಲ್ಲ. ಹೊಗೆ ಕಪ್ಪಾದರೆ ಡೀಸೆಲು ಪೂರ್ತಿ ಉರಿಯುತ್ತಿಲ್ಲ, ನೀಲಿಯಾದರೆ ಇಂಜಿನ್ ಎಣ್ಣೆ ಸುಡುತ್ತಿದೆ, ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದರೆ ಒಳಗೆ ನೀರು ಸೇರಿರಬಹುದು. ಎಣ್ಣೆಯ ಕಡ್ಡಿಯನ್ನು ಎತ್ತಿದಾಗ ಎಣ್ಣೆ ಹಾಲುಬೆರಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ನೀರು ಸೇರಿದ ಗುರುತೇ. ಸಲಕರಣೆಯೆಂದರೆ ಬಲೆ ಎಳೆಯುವ ವಿಂಚು, ಅದರ ಉಕ್ಕಿನ ಹಗ್ಗ, ವಯರ್‌ಲೆಸ್ಸು, ಜಿಪಿಎಸ್ಸು, ಮೀನು ತೋರಿಸುವ ಯಂತ್ರ. ಇವು ಕೆಟ್ಟರೆ ಹಣ ಹೋದೀತು, ಒಡಲು ಕೆಟ್ಟಂತಲ್ಲ.

ಕಾಗದದ ವಿಷಯವನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2008ರ ನವೆಂಬರ್ 26ರ ರಾತ್ರಿ ನಮ್ಮ ನಗರದ ಮೇಲೆ ಬಿದ್ದ ಕೊಲೆಗಡುಕರು ಕುಬೇರ ಎಂಬ ಗುಜರಾತಿನ ಮೀನುಗಾರಿಕೆಯ ಬೋಟನ್ನು ನಡುಕಡಲಿನಲ್ಲಿ ಅಪಹರಿಸಿ ಅದರಲ್ಲೇ ಬಂದಿದ್ದರು. ಆಮೇಲೆ ಬೋಟಿನ ನೋಂದಣಿ, ಮೀನುಗಾರರ ಗುರುತಿನ ಚೀಟಿ ಎಲ್ಲದರಲ್ಲೂ ಬಿಗಿ ಬಂತು. ಬರೀ ಕಾಗದದ ಮೇಲೆ ಬರೆದುಕೊಟ್ಟು ಹಣ ಎಣಿಸಿಕೊಂಡರೆ ಮಾರಿದಂತಾಗದು. ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಬದಲಾಗಬೇಕು, ಬ್ಯಾಂಕಿನ ಸಾಲ ತೀರಿ ನಿರಾಕ್ಷೇಪಣಾ ಪತ್ರ ಬರಬೇಕು, ಡೀಸೆಲ್ ಬಂಕಿನ ಮತ್ತು ಐಸಿನವರ ಬಾಕಿ ಚುಕ್ತಾ ಆಗಬೇಕು. ಅಲ್ಲಿಯವರೆಗೆ ಆ ಬೋಟು ಎಲ್ಲಿ ಏನು ಮಾಡಿದರೂ ಕಾಗದದಲ್ಲಿ ನಿಮ್ಮದೇ.

ನಮ್ಮ ಬೋಟಿನ ಇಂಜಿನು ಒಳ್ಳೆಯದು, ಸಲಕರಣೆ ಸಾಧಾರಣ, ಕಾಗದ ಸಾಚಾ. ತೊಡಕು ಒಡಲಿನಲ್ಲಿತ್ತು. 2021ರಲ್ಲಿ, ಮೀನುಗಾರಿಕೆ ಭರದಲ್ಲಿದ್ದಾಗ, ಹಿಂಬದಿಯಲ್ಲಿ ಪ್ರೊಪೆಲ್ಲರಿನ ದಂಡ ಹೊರಬರುವ ಜಾಗದ ಹತ್ತಿರ ಎರಡು ಹಲಗೆಗಳಿಗೆ ಹುಳು ಬಿದ್ದದ್ದು ಕಂಡಿತ್ತು. ಹಲಗೆ ಬದಲಿಸಲು ಆಗ ಪುರುಸೊತ್ತಿಲ್ಲವೆಂದು ಅಣ್ಣ ಅದರ ಮೇಲೆ ಫೈಬರು ಹಾಕಿಸಿ, ಮುಂದಿನ ಮಳೆಗಾಲಕ್ಕೆ ಬಿಚ್ಚಿ ನೋಡೋಣವೆಂದಿದ್ದರು. ಆ ಮಳೆಗಾಲದಲ್ಲಿ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು. ಫೈಬರಿನ ಮೇಲೆ ಬಣ್ಣ ಕುಳಿತು ಎರಡು ವರ್ಷವಾಗಿತ್ತು. ಸುತ್ತಿಗೆ ಬಡಿದರೂ ಸುಲಭವಾಗಿ ಗೊತ್ತಾಗದು. ಬಲ್ಲವರು ಮೂವರು: ಫೈಬರು ಹಾಕಿದವನು, ಅತ್ತಿಗೆ, ಅತ್ತಿಗೆ ಹೇಳಿದ್ದರಿಂದ ನಾನು.

ಗಿರಾಕಿಗಳು ಇಬ್ಬರು ನಿಂತರು. ಒಬ್ಬರು ಬೇರೆ ಊರಿನ ದಲ್ಲಾಳಿಗಳು. ಹಳೆಯ ಬೋಟುಗಳನ್ನು ಕೊಂಡು ಬಣ್ಣ ಬಳಿಸಿ ಇನ್ನೊಂದು ಬಂದರಿನಲ್ಲಿ ಮಾರುವ ವ್ಯಾಪಾರ ಅವರದು. ಬೋಟನ್ನು ಒಂದು ಸುತ್ತು ನೋಡಿ, ಇಂಜಿನಿನ ಸದ್ದು ಕೇಳಿ, 27 ಲಕ್ಷ ಎಂದರು. ಇನ್ನೊಬ್ಬ ನಮ್ಮ ಬಂದರಿನವನೇ ಆದ ತಾಂಡೇಲ. ಹದಿನಾರರ ಪ್ರಾಯದಲ್ಲಿ ಕಲಾಸಿಯಾಗಿ ಕಡಲಿಗಿಳಿದು, ಇಪ್ಪತ್ತು ವರ್ಷ ಇನ್ನೊಬ್ಬರ ಬೋಟು ನಡೆಸಿ, ಈಗ ಒಂದು ಸ್ವಂತದ್ದು ಬೇಕೆಂದು ಹೊರಟವನು. ಹೆಂಡತಿಯ ಬಂಗಾರ, ಸೊಸೈಟಿಯ ಸಾಲ, ಭಾವನಿಂದ ಕೈಗಡ ಎಲ್ಲವನ್ನೂ ಕೂಡಿಸಿ 25 ಲಕ್ಷಕ್ಕೆ ತಂದು ನಿಲ್ಲಿಸಿದ. ಅದಕ್ಕಿಂತ ಮೇಲೆ ಒಂದು ರೂಪಾಯಿಯೂ ಅವನಲ್ಲಿ ಇರಲಿಲ್ಲ.

ಬಹರೈನಿನಿಂದ ಹಿರಿಯ ಮಗ ಫೋನು ಮಾಡಿದ. "ಅಮ್ಮಾ, ಯಾರಿಗಾದರೂ ಕೊಡು, ಹಲಗೆಯ ವಿಷಯ ಮಾತ್ರ ನೀನಾಗಿ ಎತ್ತಬೇಡ. ಅವರು ಕೇಳಿದರೆ ಆಮೇಲೆ ನೋಡೋಣ. ಕಣ್ಣಿದ್ದವರು ನೋಡಿಕೊಳ್ಳಲಿ. ಬೇಕಾದರೆ ಒಂದು ಕೈ ಹೊಸ ಬಣ್ಣ ಹೊಡೆಸು. ಚಿಕ್ಕಪ್ಪನನ್ನು ಕೇಳು, ಕಾನೂನೂ ಹಾಗೇ ಇದೆ."

ಹುಡುಗ ಕೆಟ್ಟವನಲ್ಲ. ಸಾಲ ತೀರದಿದ್ದರೆ ತಾಯಿ ಅದರ ಕೆಳಗೆ ಸಿಕ್ಕಿಬೀಳುವಳೆಂಬ ಭಯ ಅವನಿಗೆ. ಕಾನೂನಿನ ವಿಷಯದಲ್ಲಿ ಅವನು ಹೇಳಿದ್ದು ಬಹಳ ಮಟ್ಟಿಗೆ ನಿಜವೂ ಆಗಿತ್ತು. ಅತ್ತಿಗೆ ಕೇಳಿದರೆಂದು ನಾನು 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮನ್ನು ಅವರಿಗೆ ಬಿಡಿಸಿ ಹೇಳಿದೆ. ಬರೀ ಸುಮ್ಮನಿದ್ದರೆ ವಂಚನೆಯಾಗದು ಎಂದು ಆ ಕಲಮಿನ ವಿವರಣೆ. ಅದಕ್ಕೆ ಕೊಟ್ಟ ಉದಾಹರಣೆಗಳು ಕುದುರೆಯವು. ಆ ಕಾಲದಲ್ಲಿ ಕುದುರೆಯ ವ್ಯಾಪಾರವೇ ಮುಖ್ಯವಷ್ಟೆ. ಒಬ್ಬನು ಕುದುರೆಯೊಂದನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ದೋಷವಿದೆಯೆಂದು ಬಲ್ಲ, ಹೇಳುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು ಆಗತಾನೆ ಪ್ರಾಯಕ್ಕೆ ಬಂದವಳಾದರೆ? ಆಗ ಹೇಳಲೇಬೇಕು; ಆ ಸಂಬಂಧವೇ ಅವನ ಮೇಲೆ ಕರ್ತವ್ಯವನ್ನು ಹೊರಿಸುತ್ತದೆ. ಕೊಳ್ಳುವವನು, "ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ" ಎಂದು ಬಾಯಿಬಿಟ್ಟು ಹೇಳಿದಾಗಲೂ ಮಾರುವವನು ಸುಮ್ಮನಿದ್ದರೆ? ಆಗ ಆ ಮೌನವೂ ಮಾತೇ. ಇಷ್ಟು ಹೇಳಿ, ಬಣ್ಣದ ವಿಷಯ ಬೇರೆಯೆಂದೂ ತಿಳಿಸಿದೆ. ಸುಮ್ಮನಿರುವುದು ಒಂದು, ತಿಳಿದೂ ತಿಳಿದೂ ಮುಚ್ಚುವುದು ಇನ್ನೊಂದು. ಮುಚ್ಚುವುದನ್ನು ಅದೇ ಕಲಮು ವಂಚನೆಯೆಂದೇ ಕರೆಯುತ್ತದೆ.

ಅತ್ತಿಗೆ ಮೀನು ಹೆಚ್ಚುತ್ತ ಕೇಳುತ್ತಿದ್ದರು. ಓದಿದ್ದು ಐದನೆಯ ಇಯತ್ತೆ. ನಮ್ಮ ಮನೆಮಾತು ತುಳು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಕುದುರೆ ಮುಗ್ಗರಿಸಿದರೆ ಮೇಲಿದ್ದವನು ಎಲ್ಲಿ ಬೀಳುತ್ತಾನೆ?" ಎಂದು ಕೇಳಿದರು.

"ನೆಲಕ್ಕೆ" ಎಂದೆ.

"ಬೋಟು ಮುಗ್ಗರಿಸಿದರೆ?"

ನಾನು ಉತ್ತರ ಕೊಡಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮಗಳಿಗಾದರೆ ಹೇಳಬೇಕು, ಬೇರೆಯವರಿಗಾದರೆ ಬೇಡ ಎಂದು ನಿನ್ನ ಪುಸ್ತಕ ಹೇಳುತ್ತದಲ್ಲ, ಈ ದಕ್ಕೆಯಲ್ಲಿ ಬೇರೆಯವರು ಯಾರಿದ್ದಾರೆ?" ಎಂದರು.

ಆ ಮಾತಿನ ತೂಕ ತಿಳಿಯಬೇಕಾದರೆ ಮಲ್ಪೆಯವರಾಗಿರಬೇಕು. 2018ರ ಡಿಸೆಂಬರಿನಲ್ಲಿ ನಮ್ಮ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಕಡೆ ಕಡಲಿನ ತಳದಲ್ಲಿ ಸಿಕ್ಕಿತು. ಹಳೆಯ ಹಲಗೆಗೂ ಆ ದುರಂತಕ್ಕೂ ಸಂಬಂಧ ಕಟ್ಟಲು ಇದನ್ನು ಹೇಳುತ್ತಿಲ್ಲ. ಆ ನಾಲ್ಕೂವರೆ ತಿಂಗಳು ದಡದ ಹೆಂಗಸರು ಹೇಗಿದ್ದರೆಂಬುದನ್ನು ಅತ್ತಿಗೆ ಕಣ್ಣಾರೆ ಕಂಡಿದ್ದರು. ಬೋಟಿನ ಒಂದು ಹಲಗೆಯ ಹಿಂದೆ ಎಷ್ಟು ಮನೆಗಳಿರುತ್ತವೆಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು.

ಮರುದಿನ ದಲ್ಲಾಳಿಗಳು ಬಂದಾಗ ಅತ್ತಿಗೆ ಅವರಿಗೆ ಹಲಗೆಯ ವಿಷಯ ಹೇಳಿದರು. ಅವರು ನಕ್ಕು, "ಅಮ್ಮಾ, ಇದನ್ನು ನನಗೆ ಹೇಳಿದಿರಿ, ಆಯಿತು, ಇನ್ನು ಯಾರಿಗೂ ಹೇಳಬೇಡಿ. ನನ್ನ ರೇಟಿನಲ್ಲಿ ಬದಲಿಲ್ಲ" ಎಂದರು. ಮನೆಯಲ್ಲಿ ಒಂದು ಗಳಿಗೆ ಎಲ್ಲರ ಮುಖವೂ ಅರಳಿತು. ದೋಷ ಹೇಳಿದಂತೆಯೂ ಆಯಿತು, ಬೆಲೆ ಇಳಿಯದೆಯೂ ಉಳಿಯಿತು! ಆದರೆ ಅತ್ತಿಗೆ ಇನ್ನೊಂದು ಪ್ರಶ್ನೆ ಕೇಳಿದರು: "ನೀವು ಮಾರುವಾಗ ಹೇಳುತ್ತೀರಾ?" ದಲ್ಲಾಳಿಗಳು ಕೊಡೆ ಬಿಡಿಸಿಕೊಂಡು, "ಅದು ನನ್ನ ವ್ಯಾಪಾರ" ಎಂದರು.

27 ಲಕ್ಷ ಅಲ್ಲಿಗೆ ಮುಗಿಯಿತು.

ತಾಂಡೇಲ ಬಂದದ್ದು ಎರಡು ದಿನ ಬಿಟ್ಟು. ಅವನಿಗೂ ಹೇಳಿದರು. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಅಕ್ಕಾ, ಬಿಚ್ಚಿ ನೋಡೋಣ" ಎಂದ. ಬೋಟನ್ನು ಮೇಲಕ್ಕೆಳೆಸಿ, ಆಚಾರ್ರು ಫೈಬರು ಕಿತ್ತರು. ಹಲಗೆ ಎರಡಲ್ಲ, ಮೂರು ಹೋಗಿತ್ತು. ಅವುಗಳ ಹಿಂದೆ ಪಕ್ಕೆಲುಬಿನಂತೆ ನಿಂತ ಒಂದು ಮರವೂ ಬೆರಳು ಒತ್ತಿದಲ್ಲಿ ಪುಡಿಯಾಯಿತು. ಪ್ರೊಪೆಲ್ಲರಿನ ನಡುಕವೆಲ್ಲ ತಾಗುವುದು ಆ ಜಾಗಕ್ಕೇ. ದಡದ ಬಳಿ ಇನ್ನೂ ಒಂದೆರಡು ವರ್ಷ ನಡೆದೀತೇನೋ, ಹತ್ತು ದಿನದ ದಾರಿಯಲ್ಲಿ ಗಾಳಿ ಎದ್ದರೆ ಹೇಳಲಾಗದು ಎಂದು ಆಚಾರ್ರ ಅಭಿಪ್ರಾಯ. ಹೊಸ ಮರ, ಕೂಲಿ, ಫೈಬರು ಎಲ್ಲ ಸೇರಿ 3 ಲಕ್ಷದ ಲೆಕ್ಕ ಬಂತು. 25ರಲ್ಲಿ 3 ಕಳೆದು 22 ಲಕ್ಷಕ್ಕೆ ವ್ಯಾಪಾರ ಕುದುರಿತು. ಆಗಸ್ಟ್ 1ಕ್ಕೆ ಮೊದಲೇ ಕೆಲಸ ಮುಗಿದು ಬೋಟು ನೀರಿಗಿಳಿಯಿತು.

ಕಥೆ ಇಲ್ಲಿಗೆ ಮುಗಿದರೆ ಕೇಳಲು ಇಂಪಾಗಿರುತ್ತದೆ. ಆದರೆ ಸತ್ಯಕ್ಕೆ ತಗಲುವ ಖರ್ಚನ್ನು ಹೇಳದೆ ಸತ್ಯವನ್ನು ಹೊಗಳುವುದು ನ್ಯಾಯವಲ್ಲ. ಬ್ಯಾಂಕಿನ ಬಾಕಿ 26 ಲಕ್ಷ, ಕೈಗೆ ಬಂದದ್ದು 22. ಪೂರಾ ಹಣ ಜಮೆಯಾಗದೆ ಬ್ಯಾಂಕಿನವರು ಕಾಗದ ಬಿಡರು. ಅತ್ತಿಗೆ ಬಳೆಗಳನ್ನೂ ಕರಿಮಣಿಯ ಬಂಗಾರವನ್ನೂ ಅಡವಿಟ್ಟು 4 ಲಕ್ಷ ಕಟ್ಟಿದರು. ಅಡವು ಬಿಡಿಸಲು ಎರಡು ವರ್ಷ ಹಿಡಿಯಿತು. ಮಕ್ಕಳು ಕಳಿಸಿದ್ದು ಒಂದು ಪಾಲು. ಇನ್ನೊಂದು ಪಾಲು ಅತ್ತಿಗೆ ಐವತ್ತೊಂಬತ್ತರ ಪ್ರಾಯದಲ್ಲಿ ದಕ್ಕೆಗೆ ಹೋಗಿ ಬುಟ್ಟಿ ಹಿಡಿದು ಮೀನು ಮಾರಿ ತಂದದ್ದು. ಬೋಟಿನ ಧಣಿಯ ಹೆಂಡತಿಯಾಗಿದ್ದವರು ಬುಟ್ಟಿ ಹಿಡಿದರೆಂದು ನಾಲ್ಕು ಮಂದಿ ಆಡಿಕೊಂಡದ್ದೂ ಉಂಟು. ಹಿರಿಯ ಮಗ ಆರು ತಿಂಗಳು ಫೋನಿನಲ್ಲಿ ಬೋಟಿನ ಸುದ್ದಿ ಎತ್ತಲಿಲ್ಲ. ಅವನ ಮಾತಿನಲ್ಲೂ ಹುರುಳಿಲ್ಲದಿರಲಿಲ್ಲ. ತಾಯಿಯ ಬಳೆಗಳನ್ನು ಕಳೆದು ಬಂದ ನ್ಯಾಯವು ಮಗನಿಗೆ ಬೇಗ ರುಚಿಸುವುದಾದರೂ ಹೇಗೆ?

ಈ ಪ್ರಶ್ನೆ ನಮ್ಮ ಅಜ್ಜಂದಿರಿಗೆ ಇಷ್ಟು ಕಠಿಣವಾಗಿರಲಿಲ್ಲವೆಂದು ನನಗೆ ತೋರುತ್ತದೆ. ಅವರು ನಮಗಿಂತ ಸತ್ಯಸಂಧರಾಗಿದ್ದರೆಂದಲ್ಲ. ಆಗ ರಂಪಣಿಯ ಕಾಲ. ಹತ್ತಾರು ಮನೆಯವರು ಕೂಡಿ ಒಂದು ಬಲೆ, ಅದಕ್ಕೆ ಬೇಕಾದ ದೋಣಿ ಇಟ್ಟುಕೊಂಡು, ದಡದಿಂದ ಕೂಡಿಯೇ ಎಳೆದು, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಿದ್ದರು. ದೋಣಿಯ ಬಿರುಕು ಎಲ್ಲಿದೆಯೆಂಬುದು ಊರಿಗೇ ಗೊತ್ತಿರುತ್ತಿತ್ತು, ಮುಚ್ಚಿಡುವುದಾದರೂ ಯಾರಿಂದ? 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು, ಯಾಂತ್ರಿಕ ಬೋಟುಗಳು ಹೆಚ್ಚಿ, ರಂಪಣಿ ಹಿಂದೆ ಸರಿಯಿತು. ಬೋಟಿಗೆ ಒಬ್ಬನೇ ಧಣಿಯಾದ, ಸಾಲವೂ ಅವನೊಬ್ಬನದೇ ಆಯಿತು. ಕೊಳ್ಳುವವನು ಗುರುತಿಲ್ಲದ ಊರಿನಿಂದ ಬರತೊಡಗಿದ. ಹೇಳದಿದ್ದರೂ ತಿಳಿಯುತ್ತಿದ್ದ ಕಾಲ ಹೋಗಿ, ಹೇಳಿದರೆ ಮಾತ್ರ ತಿಳಿಯುವ ಕಾಲ ಬಂತು. ಆದ್ದರಿಂದ ಹೇಳುವ ಹೊಣೆ ಹಿಂದಿಗಿಂತ ಇಂದು ಹೆಚ್ಚು.

ಹಡಗಿನ ಹಲಗೆಯಂತೆಯೇ ನಾವು ಮಾರುವ ಯಾವ ವಸ್ತುವಿನಲ್ಲೂ ಕಣ್ಣಿಗೆ ಬೀಳದ ಒಂದು ಜಾಗವಿರುತ್ತದೆ. ಡೊಂಬಿವಲಿಯ ಫ್ಲ್ಯಾಟಿನ ಗೋಡೆಯಲ್ಲಿ ಮಳೆಗಾಲಕ್ಕೆ ಮಾತ್ರ ಮೂಡುವ ತೇವ, ಸ್ಕೂಟರಿನ ಹಿಡಿಯದ ಬ್ರೇಕು, ಬಾಡಿಗೆ ಮನೆಯ ಗ್ಯಾಸಿನ ಕೊಳವೆ. ತೇವ ಗೋಡೆಯನ್ನು ಕೆಡಿಸೀತು. ಬ್ರೇಕು ಜೀವವನ್ನೇ ತೆಗೆದೀತು. ಬೆಲೆಯನ್ನು ಮಾತ್ರ ಇಳಿಸುವ ದೋಷದ ಬಗ್ಗೆ ಚೌಕಾಸಿ ನಡೆಯಲಿ, ಅದು ಸಂತೆಯ ಧರ್ಮ. ಪ್ರಾಣಕ್ಕೆ ತಟ್ಟುವ ದೋಷದಲ್ಲಿ ಚೌಕಾಸಿಗೆ ಎಡೆಯಿಲ್ಲ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲಿ ಬರೆದು ಕೊಳ್ಳುವವನ ರುಜು ಹಾಕಿಸಬೇಕು. ಅವನೂ ಮುಂದೆ ಮಾರುವಾಗ ಆ ಕಾಗದ ವಸ್ತುವಿನ ಜೊತೆಗೇ ಹೋಗಬೇಕು. ನಮ್ಮ ಖರೀದಿ ಪತ್ರದಲ್ಲಿ ಅತ್ತಿಗೆ ಹಾಗೆ ಬರೆಸಿದರು. ಇಂಜಿನು, ವಿಂಚು, ಬಲೆಗಳ ಪಟ್ಟಿಯ ಕೆಳಗೆ ಮೂರು ಹಲಗೆ, ಒಂದು ಮರ, ಬದಲಿಸಿದ ತಾರೀಖು.

ಇನ್ನು ಕೊಳ್ಳುವ ವಾಚಕರಿಗೆ ಒಂದು ಮಾತು. ಕಾಯಿದೆಯ ಆ ಮೂರನೆಯ ಕುದುರೆಯನ್ನು ಮರೆಯದಿರಿ. ಯಾವ ವಸ್ತುವನ್ನೇ ಕೊಳ್ಳುವಾಗಲೂ ಹಣ ಎಣಿಸುವ ಮೊದಲು, ಸಾಕ್ಷಿಗೆ ಇಬ್ಬರಿರುವಾಗ, "ನೀವು ಇಲ್ಲವೆನ್ನದಿದ್ದರೆ ಎಲ್ಲವೂ ಸರಿಯಿದೆಯೆಂದು ತಿಳಿಯುತ್ತೇನೆ" ಎಂದು ಮಾರುವವನ ಮುಖ ನೋಡಿ ಹೇಳಿರಿ. ಒಳ್ಳೆಯವನಾದರೆ ಬಾಯಿಬಿಡುತ್ತಾನೆ. ಅಲ್ಲದವನಾದರೆ ಕೊಡೆ ಬಿಡಿಸಿಕೊಂಡು ಎದ್ದು ಹೋಗುತ್ತಾನೆ. ಎರಡರಿಂದಲೂ ನಿಮಗೆ ಲಾಭವೇ.